ಹೊಸ ಕ್ಯಾಮೆರಾ ಕೈಕೊಟ್ಟರೆ: ಕೆಟ್ಟ ಫೋಟೋ ಅಳಿಸುವ ಮುಂಚೆ

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ತೀರ್ಥಹಳ್ಳಿ ಕಡೆಯಿಂದ ಚಿಕ್ಕಪ್ಪನ ಫೋನ್. "ಎಂತ ಮಾರಾಯ, ಈ ಕ್ಯಾಮೆರಾ ಹಾಳಾಗಿಯೇ ಬಂದಿದೆ ಅಂತ ಕಾಣುತ್ತೆ. ಗುಂಡಿ ಒತ್ತಿದರೆ ಕ್ಲಿಕ್ಕೇ ಆಗ್ತಿಲ್ಲ." ಪೆಟ್ಟಿಗೆ ಬಿಚ್ಚಿ ಎರಡು ದಿನ ಆಗಿತ್ತಷ್ಟೆ. ಎಲ್ಲಿ ನಿಂತಿದ್ದೀರಿ, ಏನು ತೆಗೆಯುತ್ತಿದ್ದೀರಿ ಅಂತ ಕೇಳಿದೆ. ತೋಟದಲ್ಲಿದ್ದರು. ಎಳೆ ಅಡಿಕೆ ಮರ, ಹಿಂಗಾರ ಕೈಗೆಟುಕುವ ಎತ್ತರದಲ್ಲೇ ಬಿಚ್ಚಿಕೊಂಡಿತ್ತು. ಲೆನ್ಸನ್ನು ಅದಕ್ಕೆ ಮೂಗು ತಾಗಿಸುವಷ್ಟು ಹತ್ತಿರ ಹಿಡಿದಿದ್ದರು.

"ಒಂದು ಗೇಣು ಹಿಂದೆ ಬನ್ನಿ ಚಿಕ್ಕಪ್ಪ. ಈಗ ಒತ್ತಿ."

ಕ್ಲಿಕ್. ಫೋನಿನಲ್ಲೇ ಕೇಳಿಸಿತು.

ನಮ್ಮ ನೆಂಟರಿಷ್ಟರಲ್ಲಿ ಯಾರು ಕ್ಯಾಮೆರಾ ಕೊಂಡರೂ ಮೊದಲ ವಾರ ನನಗೆ ಇಂಥ ಫೋನ್ ಬರುತ್ತದೆ. ಹತ್ತಕ್ಕೆ ಒಂಬತ್ತು ಸಲ ಕ್ಯಾಮೆರಾ ಚೆನ್ನಾಗಿಯೇ ಇರುತ್ತದೆ. ಎಲ್ಲೋ ಒಂದು ಗುಂಡಿ ಜರುಗಿರುತ್ತದೆ, ಒಂದು ಡಯಲ್ ತಿರುಗಿರುತ್ತದೆ, ಇಲ್ಲವೇ ಬ್ಯಾಟರಿಯ ಬಾಗಿಲು ಸರಿಯಾಗಿ ಕೂತಿರುವುದಿಲ್ಲ. ಅದನ್ನು ಹುಡುಕುವ ಕ್ರಮ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಲೆನ್ಸ್ ಬದಲಿಸಬಹುದಾದ ಕ್ಯಾಮೆರಾ, ಅಂದರೆ ಡಿಎಸ್‌ಎಲ್‌ಆರ್ ಅಥವಾ ಮಿರರ್‌ಲೆಸ್, ನನ್ನ ಕಣ್ಣ ಮುಂದಿದೆ. ಮೆನುವಿನ ಹೆಸರುಗಳು ಕಂಪನಿಯಿಂದ ಕಂಪನಿಗೆ ಸ್ವಲ್ಪ ಬೇರೆ ಇರಬಹುದು, ದೋಷಗಳು ಮಾತ್ರ ಎಲ್ಲ ಕಡೆ ಒಂದೇ.

ಎಲ್ಲಕ್ಕಿಂತ ಮೊದಲು ಒಂದು ವಿಷಯ. ಫೋಟೋ ಕೆಟ್ಟದಾಗಿ ಬಂದರೆ ಅದನ್ನು ಅಳಿಸಬೇಡಿ. ಎಲ್ಲರೂ ಮಾಡುವ ತಪ್ಪು ಇದೇ. ನಾಚಿಕೆಯಾಗಿ ತಕ್ಷಣ ಅಳಿಸಿಬಿಡುತ್ತಾರೆ, ಆಮೇಲೆ "ಫೋಟೋ ಸರಿ ಬರ್ತಿಲ್ಲ" ಅಂತ ಬಾಯಿಮಾತಿನಲ್ಲಿ ಹೇಳುತ್ತಾರೆ. ಕೆಟ್ಟ ಫೋಟೋ ಡಾಕ್ಟರ ಹತ್ತಿರ ಒಯ್ಯುವ ರಕ್ತಪರೀಕ್ಷೆಯ ಚೀಟಿ ಇದ್ದ ಹಾಗೆ. ಪ್ರತಿ ಫೋಟೋ ಕಡತದೊಳಗೂ ಎಕ್ಸಿಫ್ ಅನ್ನುವ ಮಾಹಿತಿ ಕೂತಿರುತ್ತದೆ: ಶಟರ್ (ಬೆಳಕು ಒಳಗೆ ಬಿಡುವ ಬಾಗಿಲು) ಎಷ್ಟು ಹೊತ್ತು ತೆರೆದಿತ್ತು, ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ತೂತು) ಎಷ್ಟಿತ್ತು, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಎಷ್ಟು, ಜೂಮ್ ಎಷ್ಟು, ಫ್ಲ್ಯಾಶ್ ಹೊಡೆದಿತ್ತಾ ಇಲ್ಲವಾ, ಎಲ್ಲವೂ. ಕ್ಯಾಮೆರಾದಲ್ಲಿ ಫೋಟೋ ನೋಡುತ್ತಿರುವಾಗ 'ಇನ್ಫೋ' ಅಥವಾ 'ಡಿಸ್ಪ್' ಗುಂಡಿ ಒತ್ತಿದರೆ ಈ ಅಂಕಿಗಳು ಬರುತ್ತವೆ. ಕೆಲವು ಮಾದರಿಗಳಲ್ಲಿ ಮೇಲಿನ ಬಾಣದ ಗುಂಡಿ ಒತ್ತಬೇಕು. ಈ ಪರದೆ ಓದಲು ಬಂದರೆ ಅರ್ಧ ದೋಷ ಅಲ್ಲೇ ಸಿಕ್ಕಿತು.

ಇನ್ನೊಂದು ವಿಷಯ, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಗಾಬರಿಯಲ್ಲಿ ಹತ್ತು ಕಡೆ ಒತ್ತಿದರೆ ಸರಿಹೋದರೂ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ. ಈಗಾಗಲೇ ಹತ್ತು ಕಡೆ ಒತ್ತಿ ಆಗಿದ್ದರೆ ಮೆನುವಿನಲ್ಲಿ 'ರೀಸೆಟ್' ಇರುತ್ತದೆ, ಅದನ್ನು ಒತ್ತಿ. ಸೆಟ್ಟಿಂಗುಗಳು ಕಾರ್ಖಾನೆಯಿಂದ ಬಂದ ಹಾಗೆ ಆಗುತ್ತವೆ. ಫೋಟೋಗಳಿಗೆ ಏನೂ ಆಗುವುದಿಲ್ಲ. ಫೋಟೋ ಅಳಿಸುವುದು 'ಫಾರ್ಮ್ಯಾಟ್', ಅದು ಬೇರೆ. ಎರಡನ್ನೂ ಒಂದೇ ಅಂದುಕೊಳ್ಳಬೇಡಿ.

ಕ್ಯಾಮೆರಾ ಆನ್ ಆಗುವುದಿಲ್ಲ

ಪೆಟ್ಟಿಗೆಯಲ್ಲಿ ಬರುವ ಬ್ಯಾಟರಿ ಪೂರ್ತಿ ಚಾರ್ಜ್ ಆಗಿರುವುದಿಲ್ಲ. ಮೊದಲು ಅದನ್ನು ತುಂಬಿಸಿ. ಚಾರ್ಜರಿಗೆ ಹಾಕುವ ಮುಂಚೆ ಬ್ಯಾಟರಿಯ ಲೋಹದ ಪಟ್ಟಿಗಳನ್ನು ನೋಡಿ. ಕೆಲವು ಬ್ಯಾಟರಿಗಳಿಗೆ ಅಲ್ಲಿ ಪ್ಲಾಸ್ಟಿಕ್ ಮುಚ್ಚಳ ಇರುತ್ತದೆ, ಅದನ್ನು ತೆಗೆಯಬೇಕು. ಚಾರ್ಜರಿನ ದೀಪ ಸಾಮಾನ್ಯವಾಗಿ ಮಿನುಗುವುದಕ್ಕಿಂತ ತುಂಬಾ ಬೇಗ ಬೇಗ ಮಿನುಗಿದರೆ ಚಾರ್ಜ್ ಆಗುತ್ತಿಲ್ಲ ಅಂತ ಅರ್ಥ. ಬ್ಯಾಟರಿ ತೆಗೆದು, ಪಟ್ಟಿಗಳನ್ನು ಒಣ ಬಟ್ಟೆಯಲ್ಲಿ ಒರೆಸಿ, ಮತ್ತೆ ಹಾಕಿ ನೋಡಿ.

ತುಂಬಿದ ಬ್ಯಾಟರಿ ಹಾಕಿದರೂ ಜೀವ ಬರದಿದ್ದರೆ ಬ್ಯಾಟರಿಯ ಬಾಗಿಲು ನೋಡಿ. ಕೆಲವು ಕ್ಯಾಮೆರಾಗಳಲ್ಲಿ ಆ ಬಾಗಿಲಿನ ಅಂಚಿನಲ್ಲಿ ಒಂದು ಪುಟ್ಟ ಮುಳ್ಳು ಇರುತ್ತದೆ. ಬಾಗಿಲು ಪೂರ್ತಿ ಕೂತಾಗ ಅದು ಒಳಗಿನ ಸ್ವಿಚ್ಚನ್ನು ಒತ್ತುತ್ತದೆ. ಕೂದಲೆಳೆಯಷ್ಟು ತೆರೆದಿದ್ದರೂ ಕ್ಯಾಮೆರಾ ಸತ್ತಂತೆ ಇರುತ್ತದೆ. ಕ್ಲಿಕ್ ಅಂತ ಸದ್ದು ಬರುವವರೆಗೆ ಒತ್ತಿ. ಆನ್ ಮಾಡಿ ಸ್ವಲ್ಪ ಹೊತ್ತಿಗೆ ತಾನೇ ಪರದೆ ಆರಿತೇ? ಅದು ದೋಷವಲ್ಲ, ಬ್ಯಾಟರಿ ಉಳಿಸಲು ನಿದ್ದೆ ಹೋಗಿದೆ. ಶಟರ್ ಗುಂಡಿ ಅರ್ಧ ಒತ್ತಿದರೆ ಏಳುತ್ತದೆ.

ಅಗ್ಗಕ್ಕೆ ಸಿಗುತ್ತದೆ ಅಂತ ಬೇರೆ ಕಂಪನಿಯ ಬ್ಯಾಟರಿ ಕೊಂಡಿದ್ದರೆ ಕೆಲವೊಮ್ಮೆ ಕ್ಯಾಮೆರಾ ಅದನ್ನು ಗುರುತಿಸುವುದಿಲ್ಲ. ಮೂಲ ಬ್ಯಾಟರಿ ಹಾಕಿ ನೋಡದೆ ಕ್ಯಾಮೆರಾ ಕೆಟ್ಟಿದೆ ಅನ್ನಬೇಡಿ.

ಕಾರ್ಡಿನ ಕಿತಾಪತಿ

ಪರಿಚಯದ ಒಬ್ಬರು ನಾಮಕರಣದಲ್ಲಿ ನಲವತ್ತು ಫೋಟೋ ತೆಗೆದರು. ಪ್ರತಿ ಫೋಟೋ ತೆಗೆದ ಮೇಲೂ ಪರದೆಯಲ್ಲಿ ನೋಡಿಕೊಂಡರು, ಚೆನ್ನಾಗಿ ಬಂದಿದೆ ಅಂತ ಮಗುವಿನ ಅಜ್ಜಿಗೂ ತೋರಿಸಿದರು. ಸಂಜೆ ನೋಡಿದರೆ ಒಂದೂ ಇಲ್ಲ. ಕಾರ್ಡು ಮನೆಯಲ್ಲಿ ಲ್ಯಾಪ್‌ಟಾಪಿನ ಹೊಟ್ಟೆಯಲ್ಲೇ ಉಳಿದಿತ್ತು!

ಕಾರ್ಡ್ ಇಲ್ಲದಿದ್ದರೂ ಶಟರ್ ಬಿಡುವ ಅಭ್ಯಾಸ ಕೆಲವು ಕ್ಯಾಮೆರಾಗಳಿಗೆ ಕಾರ್ಖಾನೆಯಿಂದಲೇ ಇರುತ್ತದೆ. ಅಂಗಡಿಯಲ್ಲಿ ತೋರಿಸಲು ಅನುಕೂಲ ಅಂತ ಇಟ್ಟಿರಬೇಕು. ಫೋಟೋ ಪರದೆಯಲ್ಲಿ ಕಾಣುತ್ತದೆ, ಮೂಲೆಯಲ್ಲೆಲ್ಲೋ 'ಡೆಮೊ' ಅಂತ ಪುಟ್ಟದಾಗಿ ಬರೆದಿರುತ್ತದೆ ಅಥವಾ 'ಕಾರ್ಡ್ ಇಲ್ಲ' ಅನ್ನುವ ಗುರುತು ಇರುತ್ತದೆ, ಅಷ್ಟೆ. ಮೆನುವಿನಲ್ಲಿ 'ಕಾರ್ಡ್ ಇಲ್ಲದೆ ಶಟರ್ ಬಿಡು' ಅನ್ನುವ ಅರ್ಥದ ಆಯ್ಕೆ ಇರುತ್ತದೆ. ಕ್ಯಾಮೆರಾ ಕೊಂಡ ದಿನವೇ ಅದನ್ನು ಆಫ್ ಮಾಡಿ.

ಕಾರ್ಡ್ ಒಳಗಿದೆ, ಆದರೆ 'ಲಾಕ್ ಆಗಿದೆ' ಅಂತ ಬರುತ್ತಿದ್ದರೆ ಕಾರ್ಡ್ ಹೊರಗೆ ತೆಗೆಯಿರಿ. ಹೆಸರು ಬರೆದ ಬದಿ ನಿಮ್ಮ ಕಡೆಗಿರಲಿ, ಕತ್ತರಿಸಿದ ಮೂಲೆ ಮೇಲೆ ಬಲಕ್ಕಿರಲಿ. ಎಡ ಅಂಚಿನಲ್ಲಿ ಉಗುರಿನಲ್ಲಿ ಜರುಗಿಸುವಂಥ ಒಂದು ಚೂರು ಪ್ಲಾಸ್ಟಿಕ್ ಇರುತ್ತದೆ. ಕೆಳಗಿದ್ದರೆ ಲಾಕ್, ಮೇಲಿದ್ದರೆ ತೆರೆದಿದೆ. ಕಾರ್ಡನ್ನು ಒಳಗೆ ತಳ್ಳುವಾಗ ಇದು ತಾನಾಗಿಯೇ ಜರುಗುವುದುಂಟು. ಮೈಕ್ರೋ ಎಸ್‌ಡಿಯನ್ನು ಅಡಾಪ್ಟರಿನಲ್ಲಿಟ್ಟು ಹಾಕುವವರಿಗೆ ಈ ತೊಂದರೆ ಜಾಸ್ತಿ. ಅಡಾಪ್ಟರಿನ ಆ ಚೂರು ಬೇಗ ಸಡಿಲಾಗುತ್ತದೆ. ಕ್ಯಾಮೆರಾಗೆ ದೊಡ್ಡ ಎಸ್‌ಡಿ ಕಾರ್ಡೇ ಕೊಳ್ಳಿ ಅನ್ನುವುದು ನನ್ನ ಸಲಹೆ, ನೂರಿನ್ನೂರು ರೂಪಾಯಿ ಉಳಿಸಲು ಹೋಗಬೇಡಿ.

ಮನೆಯಲ್ಲಿದ್ದ ಹಳೇ ಕ್ಯಾಮೆರಾವನ್ನು ಮಕ್ಕಳಿಗೆ ಕೊಟ್ಟು ಹೊಸ ಕಾರ್ಡ್ ಹಾಕಿದಾಗ 'ಕಾರ್ಡ್ ಓದಲಾಗುತ್ತಿಲ್ಲ' ಅಂದರೆ ಕಾರ್ಡಿನ ತಳಿ ನೋಡಿ. 32 ಜಿಬಿವರೆಗಿನದು ಎಸ್‌ಡಿಎಚ್‌ಸಿ, ಅದಕ್ಕಿಂತ ದೊಡ್ಡದು ಎಸ್‌ಡಿಎಕ್ಸ್‌ಸಿ. ಎಸ್‌ಡಿಎಕ್ಸ್‌ಸಿ ಬಂದದ್ದು 2009ರಲ್ಲಿ. ಅದಕ್ಕಿಂತ ಹಳೆಯ ಕ್ಯಾಮೆರಾಗೆ 64 ಜಿಬಿ ಕಾರ್ಡ್ ಅರ್ಥವಾಗದಿದ್ದರೆ ಆಶ್ಚರ್ಯವಿಲ್ಲ. ಕಾರ್ಡೂ ಸರಿ, ಕ್ಯಾಮೆರಾವೂ ಸರಿ, ಜೋಡಿ ಸರಿಯಿಲ್ಲ.

ವಿಡಿಯೋ ಶುರುವಾಗಿ ಕೆಲವು ಸೆಕೆಂಡಿಗೆ ತಾನೇ ನಿಲ್ಲುತ್ತಿದ್ದರೆ ಕಾರ್ಡ್ ನಿಧಾನ ಅಂತ ಲೆಕ್ಕ. ಕಾರ್ಡಿನ ಮೇಲೆ ದೊಡ್ಡದಾಗಿ ಬರೆದಿರುವುದು ಓದುವ ವೇಗ, ಅದನ್ನು ನಂಬಿ ಮೋಸಹೋಗಬೇಡಿ. 'ವಿ30' ಅಥವಾ ಇಂಗ್ಲಿಷಿನ ಯು ಅಕ್ಷರದೊಳಗೆ 3 ಅನ್ನುವ ಗುರುತು ಇದೆಯಾ ನೋಡಿ. ಎರಡರ ಅರ್ಥವೂ ಸೆಕೆಂಡಿಗೆ ಕನಿಷ್ಠ 30 ಎಂಬಿ ಬರೆಯುತ್ತದೆ ಅಂತ. ಸಾಮಾನ್ಯ 4ಕೆ ವಿಡಿಯೋಗೆ ಅಷ್ಟು ಸಾಕು.

ಕಾರ್ಡ್ ತುಂಬುವ ಮುಂಚೆಯೇ ಫೋಟೋಗಳು ಅರ್ಧ ಬೂದು, ಅರ್ಧ ಚಿತ್ರ ಆಗಿ ಬರುತ್ತಿವೆಯೇ? ನಕಲಿ ಕಾರ್ಡ್ ಇರಬಹುದು. 128 ಜಿಬಿ ಅಂತ ತೋರಿಸುತ್ತದೆ, ಒಳಗೆ ಇರುವುದು 8. ವಿಂಡೋಸಿಗೆ 'ಎಚ್2ಟೆಸ್ಟ್‌ಡಬ್ಲ್ಯೂ', ಲಿನಕ್ಸಿಗೆ 'ಎಫ್3' ಅನ್ನುವ ಉಚಿತ ತಂತ್ರಾಂಶಗಳಿವೆ. ಕಾರ್ಡ್ ತುಂಬಾ ಬರೆದು, ಮತ್ತೆ ಓದಿ, ನಿಜ ಹೇಳುತ್ತವೆ. ಹೊಸ ಕಾರ್ಡ್ ಕೊಂಡ ದಿನವೇ ಪರೀಕ್ಷಿಸಿ, ಆಮೇಲೆ ಕ್ಯಾಮೆರಾದ ಒಳಗೇ ಫಾರ್ಮ್ಯಾಟ್ ಮಾಡಿ. ಫಾರ್ಮ್ಯಾಟ್ ಕಂಪ್ಯೂಟರಿನಲ್ಲಿ ಬೇಡ.

ತಪ್ಪಿ ಅಳಿಸಿಬಿಟ್ಟಿದ್ದರೆ ಆ ಕಾರ್ಡಿನಲ್ಲಿ ಇನ್ನೊಂದು ಫೋಟೋ ಕೂಡ ತೆಗೆಯಬೇಡಿ. ಹೊರಗೆ ತೆಗೆದಿಡಿ. 'ಫೋಟೋರೆಕ್' ಅನ್ನುವ ಉಚಿತ ತಂತ್ರಾಂಶದಿಂದ ಬಹಳ ಸಲ ವಾಪಸ್ ಸಿಗುತ್ತವೆ. ಮೇಲೆ ಹೊಸದು ಬರೆದ ಜಾಗದ್ದು ಮಾತ್ರ ಸಿಗುವುದಿಲ್ಲ.

ಒತ್ತಿದರೆ ಕ್ಲಿಕ್ ಆಗುವುದಿಲ್ಲ

ಚಿಕ್ಕಪ್ಪನ ಕಥೆ ಇದೇ. ಆಟೋಫೋಕಸ್‌ನಲ್ಲಿ ಕ್ಯಾಮೆರಾ ಮೊದಲು ಫೋಕಸ್ ಹಿಡಿಯುತ್ತದೆ, ಹಿಡಿದ ಮೇಲೆ ಮಾತ್ರ ಶಟರ್ ಬಿಡುತ್ತದೆ. ಹಿಡಿಯಲು ಆಗದಿದ್ದರೆ ಬಿಡುವುದೇ ಇಲ್ಲ. ಪ್ರತಿ ಲೆನ್ಸಿಗೂ ಇದಕ್ಕಿಂತ ಹತ್ತಿರ ಬರಬೇಡ ಅನ್ನುವ ದೂರವೊಂದಿದೆ. ಈಗಿನ ಕಿಟ್ ಲೆನ್ಸುಗಳಲ್ಲಿ, ಅಂದರೆ ಕ್ಯಾಮೆರಾ ಜೊತೆ ಬರುವ 18-55 ಮಿಲಿಮೀಟರಿನವುಗಳಲ್ಲಿ, ಅದು ಸುಮಾರು 25 ಸೆಂಟಿಮೀಟರ್. ಲೆನ್ಸಿನ ಮೇಲೆ ಅದನ್ನು ಬರೆದೂ ಇರುತ್ತಾರೆ. ಈ ದೂರವನ್ನು ಲೆನ್ಸಿನ ತುದಿಯಿಂದ ಅಳೆಯುವುದಲ್ಲ, ಒಳಗೆ ಫೋಟೋ ಹಿಡಿಯುವ ಸೆನ್ಸರಿನಿಂದ. ಕ್ಯಾಮೆರಾದ ನೆತ್ತಿಯ ಮೇಲೆ ಒಂದು ಸಣ್ಣ ವೃತ್ತ, ಅದರ ನಡುವೆ ಅಡ್ಡಗೆರೆ ಇರುವ ಗುರುತು ಕಾಣುತ್ತದೆ ಅಲ್ವಾ? ಏನಿದು ಅಂತ ಯಾರೂ ಕೇಳುವುದಿಲ್ಲ. ಸೆನ್ಸರ್ ಇರುವುದು ಆ ಗೆರೆಯ ನೇರಕ್ಕೆ.

ದೂರ ಸಾಕಷ್ಟಿದ್ದರೂ ಫೋಕಸ್ ಹಿಡಿಯದಿದ್ದರೆ ನೀವು ಗುರಿ ಇಟ್ಟಿರುವುದು ಬರೀ ಬಿಳಿ ಗೋಡೆಯೋ ಖಾಲಿ ಆಕಾಶವೋ ನೋಡಿ. ಕ್ಯಾಮೆರಾ ಫೋಕಸ್ ಹಿಡಿಯಲು ಒಂದು ಅಂಚು ಬೇಕು, ಬೆಳಕು ಕತ್ತಲು ಸೇರುವ ಗೆರೆ ಬೇಕು. ಬಾಗಿಲಿನ ಚೌಕಟ್ಟಿಗೆ ಗುರಿ ಇಟ್ಟು ಅರ್ಧ ಒತ್ತಿ. 'ಬೀಪ್' ಅಂದು ಹಸಿರು ಚೌಕ ಬಂದರೆ ಆಟೋಫೋಕಸ್ ಚೆನ್ನಾಗಿದೆ.

ಲೆನ್ಸಿನ ಪಕ್ಕದಲ್ಲಿ ಎಎಫ್-ಎಂಎಫ್ ಸ್ವಿಚ್ (ಎಎಫ್ ಅಂದರೆ ಆಟೋಫೋಕಸ್, ಎಂಎಫ್ ಅಂದರೆ ಕೈಯಿಂದ ಫೋಕಸ್) ಇದ್ದರೆ ಅದು ಎಎಫ್ ಕಡೆಗಿರಲಿ. ಚೀಲದಿಂದ ತೆಗೆಯುವಾಗ ಅದು ಜರುಗುತ್ತದೆ. ಎಂಎಫ್‌ನಲ್ಲಿದ್ದರೆ ಕ್ಲಿಕ್ ಆಗುತ್ತದೆ, ಫೋಟೋ ಮಸುಕು ಬರುತ್ತದೆ. ಮಡಚಿಕೊಳ್ಳುವ ಲೆನ್ಸ್ ಆಗಿದ್ದರೆ ಜೂಮ್ ಉಂಗುರ ತಿರುಗಿಸಿ ಲೆನ್ಸನ್ನು ಹೊರಗೆಳೆಯುವವರೆಗೂ ಕ್ಯಾಮೆರಾ ಕೆಲಸಕ್ಕೆ ಒಪ್ಪುವುದಿಲ್ಲ. ಪರದೆ ಮೇಲೆ ಅದನ್ನೇ ಬರೆದು ತೋರಿಸುತ್ತದೆ, ನಾವು ಓದುವುದಿಲ್ಲ.

ಒತ್ತಿದ ಹತ್ತು ಸೆಕೆಂಡಿಗೆ ಕ್ಲಿಕ್ ಆದರೆ ಸೆಲ್ಫ್ ಟೈಮರ್ ಆನ್ ಇದೆ. ರಾತ್ರಿ ನಕ್ಷತ್ರ ತೆಗೆಯಲು 20 ಸೆಕೆಂಡ್ ಶಟರ್ ಇಟ್ಟು, ಮುಗಿದ ಮೇಲೆ ಇನ್ನೂ 20 ಸೆಕೆಂಡ್ ಕ್ಯಾಮೆರಾ ಸ್ತಬ್ಧವಾಗಿ ಕೂತರೆ ಹೆದರಬೇಡಿ. ಫೋಟೋದಲ್ಲಿ ಮೂಡುವ ಮರಳಿನಂಥ ಚುಕ್ಕೆಗಳನ್ನು ಕಳೆಯಲು ಅದು ಅಷ್ಟೇ ಹೊತ್ತು ಕತ್ತಲಿನ ಇನ್ನೊಂದು ಫೋಟೋ ತೆಗೆದುಕೊಳ್ಳುತ್ತಿದೆ. ಬ್ಯಾಟರಿ ಕಿತ್ತರೆ ತೆಗೆದದ್ದೂ ಹೋಗುತ್ತದೆ.

ಪರದೆಯಲ್ಲಿ ಲೆನ್ಸ್ ಸಂಪರ್ಕವಿಲ್ಲ ಅನ್ನುವ ಸಂದೇಶ ಬಂದರೆ (ಕ್ಯಾನನ್ ಕ್ಯಾಮೆರಾಗಳಲ್ಲಿ ಇದು 'ಎರರ್ 01') ಆಫ್ ಮಾಡಿ ಲೆನ್ಸ್ ಬಿಚ್ಚಿ. ಲೆನ್ಸಿನ ಹಿಂಬದಿಯಲ್ಲಿ ಚಿನ್ನದ ಬಣ್ಣದ ಚುಕ್ಕೆಗಳ ಸಾಲು ಇದೆ. ಬೆವರಿನ ಬೆರಳು ತಾಗಿದ್ದರೆ ಅಲ್ಲಿ ಸಂಪರ್ಕ ಸಿಗುವುದಿಲ್ಲ. ಒಣಗಿದ ಮೆತ್ತನೆ ಬಟ್ಟೆಯಲ್ಲಿ ಒರೆಸಿ, 'ಟಕ್' ಅನ್ನುವವರೆಗೆ ತಿರುಗಿಸಿ ಹಾಕಿ.

ಫೋಟೋ ಮಸುಕು

ಇಲ್ಲಿ ಸ್ವಲ್ಪ ನಿಂತು ನೋಡೋಣ. ಜಾಸ್ತಿ ದೂರು ಬರುವುದೇ ಇದರ ಬಗ್ಗೆ. ಮಸುಕು ಒಂದೇ ರೋಗವಲ್ಲ, ಮೂರ್ನಾಲ್ಕು ರೋಗಗಳು ಒಂದೇ ಥರ ಕಾಣುತ್ತವೆ.

ಅದಕ್ಕೂ ಮುಂಚೆ, ಮಸುಕಾಗಿರುವುದು ಫೋಟೋನೋ, ಕಿಂಡಿಯೋ? ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಮಸುಕು, ಆದರೆ ಫೋಟೋ ಚೊಕ್ಕ ಅಂತಾದರೆ ವ್ಯೂಫೈಂಡರಿನ ಪಕ್ಕ ಒಂದು ಪುಟ್ಟ ಚಕ್ರ ಇದೆ, ತಿರುಗಿಸಿ. ಅದು ನಿಮ್ಮ ಕಣ್ಣಿನ ನಂಬರಿಗೆ ಹೊಂದಿಸುವ ಡಯಾಪ್ಟರ್. ಮನೆಯಲ್ಲಿ ಕನ್ನಡಕ ಹಾಕುವವರು, ಹಾಕದವರು ಇಬ್ಬರೂ ಒಂದೇ ಕ್ಯಾಮೆರಾ ಬಳಸಿದರೆ ದಿನಾ ಇದೇ ಜಗಳ.

ಫೋಟೋನೇ ಮಸುಕಾಗಿದ್ದರೆ ಪರದೆಯಲ್ಲಿ ಪೂರ್ತಿ ದೊಡ್ಡದು ಮಾಡಿ ನೋಡಿ. ಒಂದು ಬೆಳಕಿನ ಚುಕ್ಕೆ ಹುಡುಕಿ. ದೀಪದ ಜ್ವಾಲೆ, ಮೂಗುತಿಯ ಹೊಳಪು, ಏನಾದರೂ ಸರಿ. ಆ ಚುಕ್ಕೆ ಗೆರೆಯಾಗಿ ಎಳೆದಿದೆಯೇ? ಪಕ್ಕದ ಕಂಬ, ಹಿಂದಿನ ಗೋಡೆ, ಎಲ್ಲವೂ ಅದೇ ದಿಕ್ಕಿಗೆ ಎಳೆದಿವೆಯೇ? ಹಾಗಿದ್ದರೆ ಕೈ ನಡುಗಿದೆ. ಗೋಡೆ ಚೊಕ್ಕ ಇದೆ, ಮಗು ಮಾತ್ರ ಎಳೆದಿದೆ ಅಂದರೆ ಮಗು ಓಡಿದೆ. ಎಲ್ಲೂ ಎಳೆದಿಲ್ಲ, ಮಗುವಿನ ಮುಖ ಮೆತ್ತಗಿದೆ, ಮುಂದಿನ ಬಾಳೆಎಲೆಯ ನರ ನರವೂ ಕಾಣುತ್ತಿದೆ ಅಂದರೆ ಫೋಕಸ್ ತಪ್ಪಾದ ಕಡೆ ಕೂತಿದೆ. ಎಲ್ಲ ಕಡೆ ಹಾಲು ಬಳಿದಂತೆ ಮಬ್ಬು, ದೀಪದ ಸುತ್ತ ಪ್ರಭಾವಳಿ ಇದ್ದರೆ ಲೆನ್ಸಿನ ಮೇಲೆ ಬೆರಳಚ್ಚಿದೆ.

ಈಗ ಇನ್ಫೋ ಪರದೆಯ ಅಂಕಿ ನೋಡಿ. ಉದಾಹರಣೆಗೆ ಜೂಮ್ 55 ಮಿಲಿಮೀಟರ್, ಅಪರ್ಚರ್ ಎಫ್/5.6, ಐಎಸ್‌ಒ 200, ಶಟರ್ 1/15 ಅಂತ ಇದೆ ಅನ್ನಿ. ಸೆಕೆಂಡಿನ ಹದಿನೈದನೇ ಒಂದು ಭಾಗ ಕಣ್ಣು ಮಿಟುಕಿಸಿದಂತೆ ಅನಿಸಬಹುದು, ಕೈ ನಡುಗಲು ಅಷ್ಟು ಹೊತ್ತು ಧಾರಾಳ. ಹಳೇ ಲೆಕ್ಕ ಒಂದಿದೆ: ಜೂಮ್ ಎಷ್ಟು ಮಿಲಿಮೀಟರೋ ಶಟರ್ ಅಷ್ಟನೇ ಭಾಗಕ್ಕಿಂತ ನಿಧಾನ ಇರಬಾರದು. ಕಿಟ್ ಲೆನ್ಸ್ ಜೊತೆ ಬರುವ ಕ್ಯಾಮೆರಾಗಳ ಸೆನ್ಸರ್ ಚಿಕ್ಕದಾದ್ದರಿಂದ ಅದಕ್ಕೆ ಒಂದೂವರೆ ಪಟ್ಟು ಸೇರಿಸಿಕೊಳ್ಳಿ. 55ಕ್ಕೆ 1/80. ಓಡಾಡುವ ಮಕ್ಕಳಿಗೆ 1/250. ಯಕ್ಷಗಾನದಲ್ಲಿ ದಿಗಿಣ ಹಾರುವ ಕಲಾವಿದನನ್ನು ಹಿಡಿಯಲು ನಾನು 1/500ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಶಟರ್ ಬೇಗವಾದರೆ ಬೆಳಕು ಕಡಿಮೆಯಾಗುತ್ತದೆ, ಅದನ್ನು ತುಂಬಲು ಐಎಸ್‌ಒ ಏರಿಸಿ. 3200 ಆದರೆ ಫೋಟೋ ಸ್ವಲ್ಪ ಮರಳು ಮರಳಾಗಿ ಬರುತ್ತದೆ, ಬರಲಿ ಬಿಡಿ. ಮರಳಾದ ಚೊಕ್ಕ ಮುಖ, ನುಣುಪಾದ ಮಸುಕು ಮುಖಕ್ಕಿಂತ ಎಷ್ಟೋ ಮೇಲು.

ಫೋಕಸ್ ತಪ್ಪಾದ ಕಡೆ ಕೂರುತ್ತಿದ್ದರೆ ಕ್ಯಾಮೆರಾ ತಾನೇ ಜಾಗ ಆರಿಸಿಕೊಳ್ಳುವ ಸೆಟ್ಟಿಂಗಿನಲ್ಲಿದೆ. ಹತ್ತಿರ ಏನಿದೆಯೋ ಅದನ್ನೇ ಹಿಡಿಯುವ ಚಾಳಿ ಅದಕ್ಕೆ ಜಾಸ್ತಿ. ಒಂದೇ ಬಿಂದುವಿಗೆ ಬದಲಿಸಿ, ಆ ಬಿಂದುವನ್ನು ಕಣ್ಣಿನ ಮೇಲಿಟ್ಟು ಅರ್ಧ ಒತ್ತಿ. ಮುಖ ಗುರುತಿಸುವ ಸೌಲಭ್ಯ ಇದ್ದರೆ ಅದನ್ನು ಆನ್ ಮಾಡಿದರೂ ಆಯಿತು.

ಇಷ್ಟಾದರೂ ಲೆನ್ಸಿನ ಮೇಲೇ ಅನುಮಾನವಿದ್ದರೆ ಈ ಪರೀಕ್ಷೆ ಮಾಡಿ. ಗೋಡೆಗೆ ನ್ಯೂಸ್‌ಪೇಪರ್ ಅಂಟಿಸಿ. ಎದುರಿಗೆ ಎರಡು ಮೀಟರ್ ದೂರದಲ್ಲಿ ಸ್ಟೂಲಿನ ಮೇಲೆ ಕ್ಯಾಮೆರಾ ಇಡಿ, ಅಡಿಗೆ ಎರಡು ಪುಸ್ತಕ ಕೊಟ್ಟು ಅಲ್ಲಾಡದಂತೆ ಮಾಡಿ. ಸೆಲ್ಫ್ ಟೈಮರ್ 2 ಸೆಕೆಂಡಿಗೆ ಇಡಿ, ಅಪರ್ಚರ್ ಎಫ್/8. ಒತ್ತಿ ಕೈ ತೆಗೆಯಿರಿ. ಅಕ್ಷರ ಚೊಕ್ಕ ಬಂದರೆ ಲೆನ್ಸ್ ನಿರಪರಾಧಿ. ನಡುವೆ ಚೊಕ್ಕ, ಒಂದು ಬದಿ ಮಾತ್ರ ಮಸುಕು ಬಂದರೆ ಕ್ಯಾಮೆರಾ ಗೋಡೆಗೆ ಓರೆಯಾಗಿದೆಯಾ ನೋಡಿ, ನೇರ ಮಾಡಿ ಮತ್ತೆ ತೆಗೆಯಿರಿ. ಮೂರು ಸಲವೂ ಅದೇ ಬದಿ ಮಸುಕಾದರೆ ಆ ಲೆನ್ಸಿನಲ್ಲಿ ನಿಜಕ್ಕೂ ದೋಷವಿದೆ. ಆ ಮೂರು ಫೋಟೋ ಇಟ್ಟುಕೊಳ್ಳಿ, ಬೇಕಾಗುತ್ತವೆ.

ಕತ್ತಲು, ಹಳದಿ, ನೀಲಿ

ಎಲ್ಲ ಫೋಟೋ ಕಪ್ಪಾಗಿ ಬರುತ್ತಿದ್ದರೆ ನೆತ್ತಿಯ ಡಯಲ್ 'ಎಂ'ಗೆ ತಿರುಗಿದೆಯಾ ನೋಡಿ. ಅಲ್ಲಿ ಎಲ್ಲವನ್ನೂ ನೀವೇ ಹೇಳಬೇಕು, ಬಿಸಿಲಿಗೆ ಇಟ್ಟ ಅಂಕಿಯಲ್ಲೇ ಅಡುಗೆಮನೆಯಲ್ಲೂ ತೆಗೆಯುತ್ತದೆ. ಇನ್ಫೋ ಪರದೆಯಲ್ಲಿ ಬಿಸಿಲಿನ ಫೋಟೋಗೂ ಒಳಗಿನ ಫೋಟೋಗೂ ಮೂರೂ ಅಂಕಿ ಒಂದೇ ಇದ್ದರೆ ಕಾರಣ ಇದೇ. ಡಯಲ್ ಕ್ಯಾಮೆರಾವೇ ಅಂಕಿ ಆರಿಸುವ 'ಪಿ'ಯಲ್ಲೇ ಇದ್ದು ಕಪ್ಪಾಗುತ್ತಿದ್ದರೆ ಫೋಟೋದ ಬೆಳಕು ಹೆಚ್ಚು ಕಡಿಮೆ ಮಾಡುವ, ಪ್ಲಸ್-ಮೈನಸ್ ಗುರುತಿನ ಎಕ್ಸ್‌ಪೋಶರ್ ಕಾಂಪೆನ್ಸೇಶನ್ ಮೈನಸ್ 2ಕ್ಕೆ ಹೋಗಿ ಕೂತಿರಬಹುದು. ಆಫ್ ಮಾಡಿ ಆನ್ ಮಾಡಿದರೂ ಅದು ಬಹಳ ಸಲ ಹಾಗೇ ಉಳಿಯುತ್ತದೆ. ಸೊನ್ನೆಗೆ ತನ್ನಿ. ಕಿಟಕಿಗೆ ಬೆನ್ನು ಕೊಟ್ಟು ನಿಂತವರ ಮುಖ ಕಪ್ಪಾದರೆ ಮಾತ್ರ ಅದು ದೋಷವಲ್ಲ. ಅವರನ್ನು ಈ ಕಡೆ ತಿರುಗಿಸಿ.

ಬಯಲಿನಲ್ಲಿ ತೆಗೆದದ್ದೆಲ್ಲ ನೀಲಿಯಾದರೆ ಬೆಳಕಿನ ಬಣ್ಣಕ್ಕೆ ತಕ್ಕಂತೆ ಫೋಟೋ ಹೊಂದಿಸುವ ವೈಟ್ ಬ್ಯಾಲೆನ್ಸ್ ಬಲ್ಬಿನ ಗುರುತಿಗೆ ನಿಂತಿದೆ. ಹಳೇ ಬಲ್ಬಿನ ಕೆಂಪು ಬೆಳಕಿಗೆ ನೀಲಿ ಬೆರೆಸಿ ಸರಿದೂಗಿಸುವ ಸೆಟ್ಟಿಂಗ್ ಅದು, ಬಿಸಿಲಿನಲ್ಲೂ ಸುಮ್ನೆ ನೀಲಿ ಬೆರೆಸುತ್ತದೆ. 'ಆಟೋ'ಗೆ ತನ್ನಿ.

ಕ್ಯಾಮೆರಾದಲ್ಲಿ ಬಣ್ಣ ಚೆನ್ನಾಗಿದೆ, ಫೋನಿಗೆ ಹಾಕಿದರೆ ಪೇಲವ ಅನ್ನುವವರು ಕಡತದ ಹೆಸರು ನೋಡಿ. ನಿಕಾನ್, ಕ್ಯಾನನ್ ಎರಡರಲ್ಲೂ ಹೆಸರು ಅಡಿಗೆರೆಯಿಂದ ಶುರುವಾದರೆ ಬಣ್ಣದ ಸೆಟ್ಟಿಂಗ್ 'ಅಡೋಬಿ ಆರ್‌ಜಿಬಿ'ಯಲ್ಲಿದೆ ಅಂತ ಸೂಚನೆ. ಅದು ಮುದ್ರಣದವರಿಗೆ. ನಮಗೆ 'ಎಸ್‌ಆರ್‌ಜಿಬಿ' ಸಾಕು.

ಛತ್ರದ ಲೈಟಿನಲ್ಲಿ ಪಟ್ಟೆಗಳು

ಮದುವೆ ಛತ್ರದಲ್ಲಿ ತೆಗೆದ ಫೋಟೋಗಳ ಮೇಲೆ ಅಡ್ಡಡ್ಡ ಕಪ್ಪು ಪಟ್ಟೆ ಬಂದರೆ ಸೆನ್ಸರ್ ಹೋಯಿತು ಅಂತ ಅಳಬೇಡಿ. ನಮ್ಮ ಕರೆಂಟು 50 ಹರ್ಟ್ಜ್. ಆ ಕರೆಂಟಿನಲ್ಲಿ ಉರಿಯುವ ಟ್ಯೂಬ್‌ಲೈಟು, ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ಕಾಣದ್ದು ಕ್ಯಾಮೆರಾಗೆ ಕಾಣುತ್ತದೆ. ಶಟರನ್ನು 1/100 ಅಥವಾ 1/50ಕ್ಕೆ ಇಟ್ಟರೆ ಮಿನುಗು ಪೂರ್ತಿ ಒಂದು ಸುತ್ತು ಒಳಗೆ ಬಂದು ಪಟ್ಟೆ ಮಾಯವಾಗುತ್ತದೆ. ಸದ್ದಿಲ್ಲದ 'ಸೈಲೆಂಟ್' ಶಟರ್ ಆನ್ ಇದ್ದರೆ ಮೊದಲು ಅದನ್ನು ಆಫ್ ಮಾಡಿ. ಪಟ್ಟೆಗೆ ದೊಡ್ಡ ಕಾರಣವೇ ಅದು. ತಾಳಿ ಕಟ್ಟುವಾಗ ಸದ್ದಾಗಬಾರದು ಅಂತ ಅದನ್ನು ಹಾಕಿಕೊಂಡು ಕೆಟ್ಟವರನ್ನು ನೋಡಿದ್ದೇನೆ. ವಾಲಗದ ನಡುವೆ ಶಟರ್ ಸದ್ದು ಯಾರಿಗೆ ಕೇಳಿಸುತ್ತದೆ?

ವಿಡಿಯೋ ಮಿನುಗುತ್ತಿದ್ದರೆ ಮೆನುವಿನಲ್ಲಿ 'ಎನ್‌ಟಿಎಸ್‌ಸಿ' ಬದಲು 'ಪಾಲ್' ಆರಿಸಿ. ಸೆಕೆಂಡಿಗೆ 25 ಅಥವಾ 50 ಚಿತ್ರ ಆಗುತ್ತದೆ, ನಮ್ಮ ಕರೆಂಟಿಗೆ ಹೊಂದುತ್ತದೆ. ವಿದೇಶದಿಂದ ನೆಂಟರು ತಂದುಕೊಟ್ಟ ಕ್ಯಾಮೆರಾಗಳಲ್ಲಿ ಇದನ್ನು ನೋಡಲೇಬೇಕು.

ಕ್ಯಾಮೆರಾದ ಸ್ವಂತ ಫ್ಲ್ಯಾಶ್ ಹೊಡೆದಾಗ ಫೋಟೋದ ಕೆಳಗೆ ಅರ್ಧಚಂದ್ರದಂತೆ ನೆರಳು ಬರುತ್ತಿದ್ದರೆ ಬಿಸಿಲು ತಡೆಯಲು ಲೆನ್ಸಿನ ಮುಂದೆ ಹಾಕಿರುವ ಹುಡ್ ಕಳಚಿ. ಅಷ್ಟೆ.

ಚುಕ್ಕೆ, ಮಂಜು, ಬೂಷ್ಟು

ಆಕಾಶದಲ್ಲಿ ಬೂದು ಚುಕ್ಕೆ ಕಂಡರೆ ಅಪರ್ಚರ್ ಎಫ್/16ಕ್ಕೆ ಇಟ್ಟು ಖಾಲಿ ಆಕಾಶದ ಎರಡು ಫೋಟೋ ತೆಗೆಯಿರಿ. ಚುಕ್ಕೆ ಎರಡರಲ್ಲೂ ಅದೇ ಜಾಗದಲ್ಲಿದ್ದರೆ ಸೆನ್ಸರ್ ಮೇಲೆ ದೂಳು ಕೂತಿದೆ. ಮೆನುವಿನಲ್ಲಿ 'ಸೆನ್ಸರ್ ಕ್ಲೀನಿಂಗ್' ಇದ್ದರೆ ಎರಡು ಮೂರು ಸಲ ಓಡಿಸಿ. ಹೋಗದಿದ್ದರೆ ರಬ್ಬರ್ ಬ್ಲೋವರ್. ಬಾಯಲ್ಲಿ ಊದಬೇಡಿ, ಎಂಜಲು ಹಾರಿದರೆ ದೂಳಿಗಿಂತ ಕಷ್ಟ. ಡಿಎಸ್‌ಎಲ್‌ಆರ್‌ನ ವ್ಯೂಫೈಂಡರಿನಲ್ಲಿ ಮಾತ್ರ ಚುಕ್ಕೆ ಕಂಡು ಫೋಟೋದಲ್ಲಿ ಇಲ್ಲದಿದ್ದರೆ ಅದನ್ನು ಮುಟ್ಟಲೇ ಬೇಡಿ.

ಮಂಗಳೂರಿನ ಎಸಿ ರೂಮಿನಿಂದ ಹೊರಗೆ ಬಂದ ತಕ್ಷಣ ಲೆನ್ಸ್ ಮಂಜಾದರೆ ಅದು ತಂಪು ಗಾಜಿನ ಮೇಲೆ ಕೂತ ನೀರಾವಿ. ಒರೆಸಿದರೂ ಮತ್ತೆ ಬರುತ್ತದೆ. ಹೊರಡುವ ಅರ್ಧ ಗಂಟೆ ಮುಂಚೆ ಕ್ಯಾಮೆರಾವನ್ನು ಚೀಲದೊಳಗೇ ಇಟ್ಟು ಹೊರಗಿನ ಜಗಲಿಯಲ್ಲಿಡಿ.

ಮಲೆನಾಡು, ಕರಾವಳಿಯವರಿಗೆ ಮಳೆಗಾಲದಲ್ಲಿ ನಿಜವಾದ ಶತ್ರು ಬೂಷ್ಟು. ಲೆನ್ಸಿನ ಒಂದು ಬದಿಯಿಂದ ಟಾರ್ಚ್ ಬಿಟ್ಟು ಇನ್ನೊಂದು ಬದಿಯಿಂದ ಓರೆಯಾಗಿ ನೋಡಿ. ಜೇಡರ ಬಲೆಯ ಎಳೆಯಂತೆ ಕಂಡರೆ ಶುರುವಾಗಿದೆ ಅಂತ. ಒಳಗಿನ ಗಾಜಿಗೆ ಹಿಡಿದಿದ್ದನ್ನು ಮನೆಯಲ್ಲಿ ತೆಗೆಯಲು ಆಗುವುದಿಲ್ಲ. ಬಾರದಂತೆ ನೋಡಿಕೊಳ್ಳುವುದು ಸುಲಭ: ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ಜೊತೆಗೆ ತೇವ ಅಳೆಯುವ ಪುಟ್ಟ ಮೀಟರ್. 40ರಿಂದ 50 ಶೇಕಡಾ ಇರಲಿ. ಪೆಟ್ಟಿಗೆಯಲ್ಲಿ ಬಂದ ಚರ್ಮದ ಚೀಲದಲ್ಲಿಟ್ಟು ಬೀರುವಿನಲ್ಲಿ ಮುಚ್ಚಿಡಬೇಡಿ. ಅಕ್ಕಿ ಡಬ್ಬಿಯಲ್ಲಂತೂ ಬೇಡವೇ ಬೇಡ, ತೌಡಿನ ಪುಡಿ ಎಲ್ಲಾ ಸಂದಿಗೂ ಹೋಗುತ್ತದೆ.

ಫೋನಿಗೆ ಹೋಗುವುದಿಲ್ಲ

ಕೇಬಲ್ ಹಾಕಿದರೆ ಚಾರ್ಜ್ ಆಗುತ್ತದೆ, ಕಂಪ್ಯೂಟರಿಗೆ ಕ್ಯಾಮೆರಾ ಕಾಣುವುದಿಲ್ಲ ಅಂದರೆ ಅದು ಬರೀ ಚಾರ್ಜಿಂಗ್ ಕೇಬಲ್. ಬೇರೆ ಕೇಬಲ್ ಹಾಕಿ. ವೈಫೈಯಲ್ಲಿ ಕೂಡಿಕೊಂಡು ತಕ್ಷಣ ಕಡಿದುಹೋದರೆ ನಿಮ್ಮ ಫೋನ್ "ಇದರಲ್ಲಿ ಇಂಟರ್ನೆಟ್ಟೇ ಇಲ್ಲ" ಅಂತ ಬಿಟ್ಟುಹೋಗಿದೆ. ಮೊಬೈಲ್ ಡೇಟಾ ಆಫ್ ಮಾಡಿ, ಆಂಡ್ರಾಯ್ಡ್ ಆದರೆ ಆ ಆ್ಯಪಿಗೆ ಲೊಕೇಶನ್ ಅನುಮತಿ ಕೊಟ್ಟು ಮತ್ತೆ ನೋಡಿ. ಫೋಟೋ ಬಂದಿದೆ, ತೆರೆಯುತ್ತಿಲ್ಲ ಅಂದರೆ ನೀವು ತೆಗೆದದ್ದು 'ರಾ' ಕಡತ, ಅಂದರೆ ಸೆನ್ಸರಿನ ಕಚ್ಚಾ ಮಾಹಿತಿ. ಕಲಿಯುವವರೆಗೆ ಎಲ್ಲ ಕಡೆ ತೆರೆಯುವ ಜೆಪೆಗ್ ಇಡಿ.

ಸರ್ವಿಸ್ ಸೆಂಟರಿಗೆ ಹೋಗುವುದಾದರೆ

ಬೇರೆ ಬ್ಯಾಟರಿ, ಬೇರೆ ಕಾರ್ಡ್, ಸಾಧ್ಯವಾದರೆ ಬೇರೆ ಲೆನ್ಸ್, ಕೊನೆಗೆ ರೀಸೆಟ್. ಇಷ್ಟು ಮಾಡಿದ ಮೇಲೂ ದೋಷ ಉಳಿದರೆ ಹೊರಡಿ. ಬಿಲ್ಲು, ವಾರಂಟಿ ಕಾರ್ಡು, ಮುಖ್ಯವಾಗಿ ಆ ಕೆಟ್ಟ ಫೋಟೋಗಳು ಇರುವ ಕಾರ್ಡು ಜೊತೆಗಿರಲಿ. ಯಾರಿಗಾದರೂ ವಾಟ್ಸಾಪಿನಲ್ಲಿ ತೋರಿಸುವುದಾದರೆ ಫೋಟೋ ಅಂತ ಕಳಿಸಬೇಡಿ, 'ಡಾಕ್ಯುಮೆಂಟ್' ಅಂತ ಕಳಿಸಿ. ಫೋಟೋ ಅಂತ ಕಳಿಸಿದರೆ ಅದು ಕುಗ್ಗಿಸಿ, ಒಳಗಿನ ಎಕ್ಸಿಫ್ ಅಂಕಿಗಳನ್ನೂ ಕಿತ್ತುಹಾಕುತ್ತದೆ. ಆಮೇಲೆ ನೋಡಿದವರು ಊಹೆ ಹೇಳಬೇಕು ಅಷ್ಟೆ.

ಚಿಕ್ಕಪ್ಪನಿಗೂ ಹಾಗೇ ಹೇಳಿದ್ದೆ. ಸಂಜೆ ಹಿಂಗಾರದ ಫೋಟೋ ಡಾಕ್ಯುಮೆಂಟಾಗಿಯೇ ಬಂತು. ತೆರೆದು ನೋಡಿದೆ. ಎಫ್/5.6, 1/125, ಐಎಸ್‌ಒ 400, ಫೋಕಸ್ ಸರಿಯಾಗಿ ಹೂವಿನ ಮೇಲೇ ಕೂತಿತ್ತು. ತಾರೀಖು ಮಾತ್ರ ಎಷ್ಟೋ ವರ್ಷ ಹಿಂದಿನ ಜನವರಿ 1, ಮಧ್ಯರಾತ್ರಿ ಹನ್ನೆರಡು ಗಂಟೆ ಆರು ನಿಮಿಷ.

ಫೋನ್ ಮಾಡಿದೆ. ಮೊದಲ ದಿನ ಗಡಿಯಾರ ಹೊಂದಿಸಿ ಅಂತ ಕ್ಯಾಮೆರಾ ಕೇಳಿದಾಗ 'ಆಮೇಲೆ ನೋಡುವ' ಅಂತ ದಾಟಿಸಿಬಿಟ್ಟಿದ್ದರು. ಮೆನುವಿಗೆ ಹೋಗಿ ವಲಯ ಭಾರತದ್ದು, ಲಂಡನ್ನಿನ ಗ್ರೀನ್‌ವಿಚ್ ಸಮಯಕ್ಕಿಂತ ಐದೂವರೆ ಗಂಟೆ ಮುಂದೆ ಇರುವುದನ್ನು ಆರಿಸಿ, ದಿನ-ತಿಂಗಳು-ವರ್ಷ ಕ್ರಮ ಇಟ್ಟು, ಸಮಯ ತುಂಬಿಸಿ ಅಂದೆ. ಗಡಿಯಾರಕ್ಕೆ ಒಳಗೆ ಬೇರೆಯೇ ಪುಟ್ಟ ಬ್ಯಾಟರಿ ಇರುತ್ತದೆ, ಬಹಳಷ್ಟು ಮಾದರಿಗಳಲ್ಲಿ ಅದು ದೊಡ್ಡ ಬ್ಯಾಟರಿಯಿಂದಲೇ ಚಾರ್ಜ್ ಆಗುತ್ತದೆ. ಅದಕ್ಕೆ ಒಂದೆರಡು ದಿನ ದೊಡ್ಡ ಬ್ಯಾಟರಿ ಒಳಗೇ ಇರಲಿ, ತೆಗೆದಿಡಬೇಡಿ ಅಂತಲೂ ಸೇರಿಸಿದೆ.

"ಅದೆಲ್ಲ ಮಾಡುವ. ಈಗ ಇದರ ತಾರೀಖು ನೋಡಿ ನಿನ್ನ ಚಿಕ್ಕಮ್ಮ, ಆಗ ಈ ಮರ ನೆಟ್ಟೇ ಇರಲಿಲ್ಲ ಅಂತಿದ್ದಾಳಲ್ಲ, ಅವಳಿಗೆ ಎಂತ ಹೇಳುದು?" ಅಂದರು.